ಬೇಕೆಂದೇ ಬೀಳಿಸಿದ ವಿಮಾನ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವಿಮಾನದಲ್ಲಿ ಹಿಂದಿನ ಸೀಟೇ ಸುರಕ್ಷಿತ ಎಂದು ವಾದಿಸುವವರು ಹೆಚ್ಚಾಗಿ ತೋರಿಸುವ ಸಾಕ್ಷಿ ಒಂದಿದೆ. 2012ರ ಏಪ್ರಿಲ್ 27ರಂದು ಮೆಕ್ಸಿಕೋದ ಮೆಕ್ಸಿಕಾಲಿ ಬಳಿಯ ಮರುಭೂಮಿಯಲ್ಲಿ ಒಂದು ಬೋಯಿಂಗ್ 727 ವಿಮಾನವನ್ನು ಟಿವಿ ಕಾರ್ಯಕ್ರಮಕ್ಕಾಗಿ ಬೇಕೆಂದೇ ನೆಲಕ್ಕೆ ಅಪ್ಪಳಿಸಲಾಯಿತು. ಬ್ರಿಟನ್ನಿನ ಚಾನೆಲ್ 4 ಮತ್ತು ಅಮೆರಿಕದ ಡಿಸ್ಕವರಿ ಅದನ್ನು ಪ್ರಸಾರ ಮಾಡಿದವು. ಮೂಗು ಮುರಿದು ಕಾಕ್‌ಪಿಟ್ ಕಳಚಿಬಿತ್ತು, ಬಾಲದ ಭಾಗ ಬಹುತೇಕ ಹಾಗೇ ಉಳಿಯಿತು. ಆ ದೃಶ್ಯ ನೋಡಿದವರ ತಲೆಯಲ್ಲಿ ಹಿಂದಿನ ಸೀಟಿನ ಮಾತು ಕೂತುಬಿಟ್ಟಿತು.

ಈ ಬರಹ ಆ ಪ್ರಯೋಗದ ಬಗ್ಗೆ, ಅದಕ್ಕೂ ಮೊದಲು ನಾಸಾ ಮಾಡಿದ ಇನ್ನೂ ದೊಡ್ಡ ಪ್ರಯೋಗದ ಬಗ್ಗೆ. ನನ್ನ ಮಟ್ಟಿಗೆ ಸೀಟಿನ ಸಂಖ್ಯೆ ಇವುಗಳಿಂದ ಸಿಕ್ಕ ಅತ್ಯಂತ ದುರ್ಬಲ ಪಾಠ. ಗಟ್ಟಿ ಪಾಠಗಳು ಬೇರೆ ಕಡೆ ಇವೆ, ಅವು ಟಿವಿಯಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಮೊದಲು 727 ಯಾಕೆ ಎಂಬುದನ್ನು ನೋಡೋಣ. ಪ್ರಯಾಣಿಕರ ವಿಮಾನವೊಂದನ್ನು ಮನುಷ್ಯರಿಲ್ಲದೆ ಮೇಲಕ್ಕೇರಿಸುವುದಕ್ಕಿಂತ, ಮನುಷ್ಯರೇ ಹಾರಿಸಿಕೊಂಡು ಹೋಗಿ ನಡುವೆ ಇಳಿದುಬಿಡುವುದು ಸುಲಭ. ಆದರೆ ಸಾಮಾನ್ಯ ಜೆಟ್ ವಿಮಾನದ ಪಕ್ಕದ ಬಾಗಿಲಿನಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದರೆ ರೆಕ್ಕೆಗೋ ಬಾಲಕ್ಕೋ ಬಡಿಯುವ ಅಪಾಯವಿದೆ. 727ಕ್ಕೆ ಬಾಲದ ಕೆಳಗೆ ಹಿಮ್ಮುಖವಾಗಿ ತೆರೆಯುವ ಮೆಟ್ಟಿಲಿದೆ. ಅಲ್ಲಿಂದ ಹಾರಿದವನು ನೇರವಾಗಿ ಕೆಳಗೆ, ವಿಮಾನದ ದಾರಿಯಿಂದ ಹೊರಗೆ ಹೋಗುತ್ತಾನೆ. 1971ರಲ್ಲಿ ಡಿ.ಬಿ. ಕೂಪರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಅಪಹರಣಕಾರ ಹಣದ ಚೀಲದೊಂದಿಗೆ ಜಿಗಿದದ್ದು ಇದೇ ಮೆಟ್ಟಿಲಿನಿಂದ. ಆಮೇಲೆ ಈ ವಿಮಾನಗಳಿಗೆ ಕೂಪರ್ ವೇನ್ ಎಂಬ ಚಿಕ್ಕ ತಗಡಿನ ರೆಕ್ಕೆ ಹಾಕಿದರು. ನೆಲದಲ್ಲಿರುವಾಗ ಸ್ಪ್ರಿಂಗ್ ಅದನ್ನು ಬದಿಗೆ ಹಿಡಿದಿರುತ್ತದೆ. ಹಾರುವಾಗ ಗಾಳಿ ಅದನ್ನು ತಿರುಗಿಸಿ ಮೆಟ್ಟಿಲಿಗೆ ಅಡ್ಡ ನಿಲ್ಲಿಸುತ್ತದೆ. ಅದು ಇರುವ ವಿಮಾನದಲ್ಲಿ ಅದನ್ನು ತೆಗೆಯದೆ ಹಾರುವಾಗ ಮೆಟ್ಟಿಲು ಇಳಿಯುವುದಿಲ್ಲ.

ಕ್ಯಾಪ್ಟನ್ ಜಿಮ್ ಬಾಬ್ ಸ್ಲೋಕಮ್ ಎಲ್ಲರಿಗಿಂತ ಕೊನೆಗೆ, ಅಪ್ಪಳಿಸಲು ಕೆಲವೇ ನಿಮಿಷ ಬಾಕಿ ಇರುವಾಗ ಜಿಗಿದರು. ಅಲ್ಲಿಂದ ಮುಂದೆ ಪಕ್ಕದಲ್ಲೇ ಹಾರುತ್ತಿದ್ದ ಸೆಸ್ನಾ ಸ್ಕೈಮಾಸ್ಟರ್‌ನಲ್ಲಿ ಕೂತಿದ್ದ ಚಿಪ್ ಶಾನ್ಲಿ ರೇಡಿಯೊ ಮೂಲಕ 727ನ್ನು ನಡೆಸಿದರು. ಕೇಳಲು ಸರಳ, ಮಾಡಲು ಕಷ್ಟ. ಸ್ಕೈಮಾಸ್ಟರ್ ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನ, ಎಷ್ಟು ಎಳೆದರೂ ಗಂಟೆಗೆ ಸುಮಾರು 320 ಕಿ.ಮೀ. ದಾಟುವುದು ಕಷ್ಟ. 727 ಮಾಮೂಲಿ ಹಾರಾಟದಲ್ಲಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ವೇಗದ್ದು. ಕಣ್ಣಳತೆಯಲ್ಲಿ ಇರಬೇಕಾದರೆ 727ರ ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿಯ ಮಡಚುವ ಹಲಗೆ, ಇಳಿಸಿ ಅದನ್ನು ನಿಧಾನ ಮಾಡಲೇಬೇಕು. ನಿಧಾನವಾದಷ್ಟೂ ಜೆಟ್ ವಿಮಾನ ಕೈಗೆ ಮಂದವಾಗಿ ಸ್ಪಂದಿಸುತ್ತದೆ. ಅದರ ಮೇಲೆ, ದೂರದಿಂದ ನಡೆಸುವವನಿಗೆ ಸೀಟಿನಡಿಯಲ್ಲಿ ವಿಮಾನ ವಾಲುವುದು, ಕುಸಿಯುವುದು ಮೈಗೆ ತಿಳಿಯುವುದಿಲ್ಲ. ಕಣ್ಣಿಗೆ ಕಂಡ ಮೇಲೆ ತಿದ್ದುತ್ತಾನೆ. ಆ ತಿದ್ದುಪಡಿ ಯಾವಾಗಲೂ ಅರೆಕ್ಷಣ ತಡ. ದೂರನಿಯಂತ್ರಣದ ಪ್ರಯೋಗಗಳಲ್ಲಿ ಯೋಜನೆ ತಪ್ಪುವುದು ಬಹುಮಟ್ಟಿಗೆ ಈ ತಡದಿಂದ.

ನೆಲ ಮುಟ್ಟಿದಾಗ ವೇಗ ಗಂಟೆಗೆ ಸುಮಾರು 225 ಕಿ.ಮೀ., ಕೆಳಗಿಳಿಯುತ್ತಿದ್ದ ವೇಗ ನಿಮಿಷಕ್ಕೆ 1500 ಅಡಿ. ಈ ಎರಡನೆಯ ಸಂಖ್ಯೆಯೇ ಮುಖ್ಯ. ಅದನ್ನು ಸೆಕೆಂಡಿಗೆ ಇಳಿಸಿದರೆ 25 ಅಡಿ, ಅಂದರೆ 7.6 ಮೀಟರ್. ದಿನನಿತ್ಯದ ಲ್ಯಾಂಡಿಂಗ್‌ನಲ್ಲಿ ಚಕ್ರ ನೆಲ ಮುಟ್ಟುವುದು ಸೆಕೆಂಡಿಗೆ ಎರಡು ಮೂರು ಅಡಿಯ ಇಳಿವೇಗದಲ್ಲಿ. ದೊಡ್ಡ ವಿಮಾನಗಳ ಲ್ಯಾಂಡಿಂಗ್ ಗೇರನ್ನು, ಅಂದರೆ ಚಕ್ರಗಳನ್ನು ಹೊರುವ ಕಾಲುಗಳನ್ನು, ಸೆಕೆಂಡಿಗೆ 10 ಅಡಿಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಇಲ್ಲಿ ಅದರ ಎರಡೂವರೆ ಪಟ್ಟು. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಗೇರು ನುಂಗಬೇಕಾದ ಶಕ್ತಿಯ ಆರು ಪಟ್ಟಿಗೂ ಹೆಚ್ಚು ಬಂತು. ಗೇರು ಉಳಿಯುವ ಮಾತೇ ಇರಲಿಲ್ಲ. ಉಳಿದ ಶಕ್ತಿಯನ್ನು ಹೊಟ್ಟೆಯ ಲೋಹ ಮಡಚಿಕೊಳ್ಳುತ್ತಾ ನುಂಗಬೇಕು.

ಕ್ಯಾಬಿನ್ನಿನ ನೆಲದಡಿ ಇರುವ ಸರಕಿನ ಜಾಗ ಅರ್ಧ ಮೀಟರ್‌ನಷ್ಟು ಜಜ್ಜಿಹೋಗುತ್ತಾ ಆ 7.6 ಮೀಟರಿನ ಇಳಿವೇಗವನ್ನು ನಿಲ್ಲಿಸಿತು ಎಂದುಕೊಳ್ಳಿ. ಆಗ ಮೇಲೆ ಕೂತವನ ಬೆನ್ನುಮೂಳೆಗೆ ಬರುವ ಸರಾಸರಿ ಹೊಡೆತ ಸುಮಾರು 6 ಜಿ, ತನ್ನ ತೂಕದ ಆರು ಪಟ್ಟು. ಅದೇ ಕಾಲು ಮೀಟರಿನಲ್ಲಿ ನಿಂತರೆ 12 ಜಿ. ಇದು ಸರಾಸರಿ, ಗರಿಷ್ಠ ಇದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಮುಂದಕ್ಕೆ ಹೋಗುವ ವೇಗದ ಕಥೆ ಬೇರೆ. ಗಂಟೆಗೆ 225 ಕಿ.ಮೀ. ವೇಗದ ವಿಮಾನ ಮರಳಿನ ಮೇಲೆ ಉಜ್ಜುತ್ತಾ 200 ಮೀಟರಿನಲ್ಲಿ ನಿಂತರೆ ಸರಾಸರಿ 1 ಜಿ ಅಷ್ಟೇ. ಜಾರಲು ಜಾಗ ಇದ್ದರೆ ಮುಂದಿನ ವೇಗ ಕೊಲ್ಲುವುದಿಲ್ಲ. ಗೋಡೆ, ಗುಡ್ಡ, ಹಳ್ಳ ಎದುರಾದರೆ ಕೊಲ್ಲುತ್ತದೆ.

ಈಗ ಆ ಮೂಗಿನ ಕಥೆ. 727 ಮೂಗು ಮುಂದಾಗಿ ಬಿತ್ತು. ಕೆಳಗೆ ಸಿಕ್ಕಿದ ಮುಂಭಾಗ ಮಣ್ಣಿಗೆ ಗುದ್ದಿ ಅಡಿಯಿಂದ ಮಡಚಿತು, ಹಿಂದಿನ ಭಾಗದ ತೂಕವೆಲ್ಲಾ ಅದರ ಮೇಲೆ ತಳ್ಳಿತು, ಕಾಕ್‌ಪಿಟ್ ಮತ್ತು ಮೊದಲ ಸಾಲುಗಳ ಭಾಗ ಒಡಲಿನಿಂದ ಬೇರ್ಪಟ್ಟಿತು. 7ಎ ಸೀಟು ವಿಮಾನದಿಂದ ಸುಮಾರು 500 ಅಡಿ ದೂರಕ್ಕೆ ಎಸೆಯಲ್ಪಟ್ಟಿತು. ಮುಂದೆ ಕೂತವರು ಬದುಕುತ್ತಿರಲಿಲ್ಲ, ರೆಕ್ಕೆಯ ಬಳಿಯವರು ಗಾಯಗಳೊಂದಿಗೆ ಬದುಕಬಹುದಿತ್ತು, ಬಾಲದ ಕಡೆಯವರಲ್ಲಿ ಹೆಚ್ಚಿನವರು ಎದ್ದು ನಡೆಯಬಹುದಿತ್ತು ಎಂಬುದು ಪರಿಣತರ ತೀರ್ಮಾನ. ಆ ದಿನದ, ಆ ಕೋನದ, ಆ ಮಣ್ಣಿನ ಮಟ್ಟಿಗೆ ತೀರ್ಮಾನ ಸರಿಯೇ.

ಮುಂದಿನ ವರ್ಷವೇ, 2013ರ ಜುಲೈ 6ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಸಂಸ್ಥೆಯ 214ನೇ ಹಾರಾಟದ ಬೋಯಿಂಗ್ 777 ತೀರಾ ತಗ್ಗಿ ಬಂದು ರನ್‌ವೇ ಮುಂದಿನ ಕಡಲತಡಿಯ ಗೋಡೆಗೆ ಬಾಲ ಬಡಿಸಿಕೊಂಡಿತು. ಬಾಲ ಕಳಚಿಹೋಯಿತು. ಸತ್ತ ಮೂವರೂ ವಿಮಾನದ ಹಿಂಭಾಗದಲ್ಲಿದ್ದವರು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೇ ಹಾರಾಟದ ವಿಮಾನ ತುಂಡಾಗಿ ಉರುಳಿದಾಗ 296 ಜನರಲ್ಲಿ 184 ಮಂದಿ ಬದುಕಿದರು, ಅವರಲ್ಲಿ ಬಹಳಷ್ಟು ಜನ ರೆಕ್ಕೆಯ ಮುಂದಿನ ಸಾಲುಗಳವರು. ಯಾವ ಭಾಗ ಮೊದಲು ನೆಲಕ್ಕೆ ತಗುಲಿತು, ಒಡಲು ಎಲ್ಲಿ ಮುರಿಯಿತು, ಬೆಂಕಿ ಎಲ್ಲಿ ಹತ್ತಿತು ಎಂಬ ಮೂರು ಸಂಗತಿಗಳು ಸೀಟಿನ ಸಾಲಿಗಿಂತ ಮೊದಲು ಬರುತ್ತವೆ. ಟಿಕೆಟ್ ಕೊಳ್ಳುವಾಗ ಇವು ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಒಂದು ಅಪ್ಪಳಿಕೆಯಿಂದ ಎಷ್ಟು ಜನ ಬದುಕುತ್ತಾರೆಂಬ ಶೇಕಡಾವಾರು ಲೆಕ್ಕ ಕೊಡುವುದನ್ನು ನಾನು ಒಪ್ಪುವುದಿಲ್ಲ, ಎಷ್ಟೇ ಒಳ್ಳೆಯ ಪರಿಣತರು ಕೊಟ್ಟರೂ.

ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ. ಕ್ಯಾಬಿನ್ನಿನಲ್ಲಿ ಡಮ್ಮಿಗಳನ್ನು, ಅಂದರೆ ಮನುಷ್ಯರ ಬದಲಿಗೆ ಕೂರಿಸುವ ಪರೀಕ್ಷಾ ಗೊಂಬೆಗಳನ್ನು, ಬೇರೆ ಬೇರೆ ರೀತಿ ಕೂರಿಸಿದ್ದರು. ಒಂದು ಬೆಲ್ಟ್ ಕಟ್ಟಿ ಮುಂದಕ್ಕೆ ಬಾಗಿ ಬ್ರೇಸ್ ಭಂಗಿಯಲ್ಲಿತ್ತು, ಇನ್ನೊಂದು ಬೆಲ್ಟ್ ಕಟ್ಟಿ ನೆಟ್ಟಗೆ ಕೂತಿತ್ತು, ಮತ್ತೊಂದಕ್ಕೆ ಬೆಲ್ಟೇ ಇರಲಿಲ್ಲ. ಬಾಗಿದ್ದಕ್ಕೆ ಕಾಲಿಗೆ ಪೆಟ್ಟಾದರೂ ಜೀವ ಉಳಿಯುವಂತಿತ್ತು, ನೆಟ್ಟಗಿದ್ದದ್ದಕ್ಕೆ ತಲೆಗೆ ಗಂಭೀರ ಪೆಟ್ಟು, ಬೆಲ್ಟ್ ಇಲ್ಲದ್ದಕ್ಕೆ ಸಾವು. ಇದನ್ನು ನಂಬಲು ಕಾರಣವಿದೆ: ಪ್ರಯೋಗಾಲಯದಲ್ಲಿ ಸೀಟನ್ನು ಹಳಿಯ ಬಂಡಿಯ ಮೇಲಿಟ್ಟು ಹೊಡೆತ ಕೊಡುವ ಸ್ಲೆಡ್ ಪರೀಕ್ಷೆಗಳೂ, ನಿಜವಾದ ಅಪಘಾತಗಳೂ ಇದನ್ನೇ ಹೇಳುತ್ತವೆ. ವಿಮಾನ ನಿಂತ ಮೇಲೂ ದೇಹ ನಿಂತಿರುವುದಿಲ್ಲ. ಸೊಂಟ ಬೆಲ್ಟಿಗೆ ಸಿಕ್ಕಿ ನಿಲ್ಲುತ್ತದೆ, ಎದೆ ಮತ್ತು ತಲೆ ಅದರ ಸುತ್ತ ಚಾವಟಿಯಂತೆ ಬೀಸಿ ಮುಂದಿನ ಸೀಟಿಗೆ ಬಡಿಯುತ್ತವೆ. ತಲೆ ಮೊದಲೇ ಆ ಸೀಟಿಗೆ ತಾಗಿದ್ದರೆ ಬೀಸಲು ಜಾಗವಿಲ್ಲ. ಕಾಲೂ ಹಾಗೆಯೇ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್‌ನಲ್ಲಿ 737 ಬಿದ್ದಾಗ 47 ಜನ ಸತ್ತರು, ಬದುಕಿದವರಲ್ಲಿ ಬಹಳ ಜನರ ಕಾಲು ಮುರಿದಿತ್ತು. ಆ ಅಪಘಾತದ ಅಧ್ಯಯನದಿಂದ ಬ್ರೇಸ್ ಭಂಗಿಯ ಸೂಚನೆ ತಿದ್ದಿಕೊಂಡಿತು: ಪಾದ ನೆಲಕ್ಕೆ ಚಪ್ಪಟೆಯಾಗಿ, ಮಂಡಿಗಿಂತ ಸ್ವಲ್ಪ ಹಿಂದೆ. ಪಾದ ಮುಂದೆ ಚಾಚಿದ್ದರೆ ಮೊಣಕಾಲ ಕೆಳಗಿನ ಭಾಗ ಮುಂದಿನ ಸೀಟಿನಡಿ ಬೀಸಿ ಮುರಿಯುತ್ತದೆ. ಕಾಲು ಮುರಿದವನು ಹೊಗೆಯಲ್ಲಿ ಬಾಗಿಲವರೆಗೆ ನಡೆಯಲಾರ.

ಡಮ್ಮಿಗಳ ಬಗ್ಗೆ ಒಂದು ವಿವರ. ಕಾರುಗಳ ಪರೀಕ್ಷೆಯ ಹೈಬ್ರಿಡ್ 3 ಡಮ್ಮಿಯ ಸೊಂಟದ ಬೆನ್ನುಮೂಳೆ ಬಾಗಿರುತ್ತದೆ, ಕಾರಿನ ಸೀಟಿನಲ್ಲಿ ಒರಗಿ ಕೂರುವ ಭಂಗಿಗೆ. ವಿಮಾನದ ಸೀಟಿನಲ್ಲಿ ನೇರ ಕೂರುವವನ ಬೆನ್ನಿಗೆ ಕೆಳಗಿನಿಂದ ಬರುವ ಹೊಡೆತ ಅಳೆಯಲು ಅದು ಸರಿಹೋಗುವುದಿಲ್ಲ. ಅದಕ್ಕೇ ನೆಟ್ಟಗಿನ ಬೆನ್ನುಮೂಳೆಯ ಹೈಬ್ರಿಡ್ 2 ಅಥವಾ ಅದರ ಬೆನ್ನನ್ನು ಹೈಬ್ರಿಡ್ 3ಕ್ಕೆ ಜೋಡಿಸಿದ ವಿಮಾನದ ಮಾದರಿ ಬಳಸುತ್ತಾರೆ. ತೂಕ ಸುಮಾರು 77 ಕೆ.ಜಿ. ಸೊಂಟದ ಮೇಲಿನ ಒತ್ತಡ 1500 ಪೌಂಡ್ ದಾಟಬಾರದು, ತೊಡೆಮೂಳೆಗೆ 2250 ಪೌಂಡ್, ತಲೆಪೆಟ್ಟಿನ ಸೂಚ್ಯಂಕ 1000. ಸೀಟು ಪಾಸಾಗಬೇಕಾದರೆ ಇವು ಮಿತಿಗಳು.

ಈಗ ದೊಡ್ಡ ಪ್ರಯೋಗಕ್ಕೆ ಬರೋಣ. 1984ರ ಡಿಸೆಂಬರ್ 1, ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ರೋಜರ್ಸ್ ಒಣ ಸರೋವರ. ನಾಸಾ ಮತ್ತು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಸೇರಿ ನಾಲ್ಕು ಎಂಜಿನ್ನಿನ ಬೋಯಿಂಗ್ 720 ಒಂದನ್ನು ಬೀಳಿಸಿದವು. ಮುಖ್ಯ ಉದ್ದೇಶ ಇಂಧನದ ಪರೀಕ್ಷೆ. ಅಪಘಾತದಲ್ಲಿ ರೆಕ್ಕೆ ಹರಿದಾಗ ಸೀಮೆಎಣ್ಣೆಯಂಥ ಜೆಟ್ ಇಂಧನ ಗಾಳಿಯ ರಭಸಕ್ಕೆ ಸಿಕ್ಕಿ ನುಣ್ಣನೆ ಮಂಜಾಗುತ್ತದೆ. ದ್ರವವಾಗಿದ್ದಾಗ ಸುಲಭಕ್ಕೆ ಹತ್ತದ ಇಂಧನ ಮಂಜಾದ ಕೂಡಲೇ ಭಗ್ಗನೆ ಹತ್ತುತ್ತದೆ. ಎಫ್‌ಎಂ-9 ಎಂಬ ಉದ್ದ ಸರಪಳಿಯ ಪಾಲಿಮರನ್ನು ಶೇ. 0.3ರಷ್ಟು ಬೆರೆಸಿದರೆ ಇಂಧನ ಹನಿ ಹನಿಯಾಗಿ ಒಡೆಯದೆ ಎಳೆಎಳೆಯಾಗಿ ಹಿಗ್ಗುತ್ತದೆ, ಮಂಜಾಗುವುದಿಲ್ಲ. ತೊಂದರೆ ಏನೆಂದರೆ ಅದೇ ಗುಣ ಎಂಜಿನ್ನಿಗೆ ಆಗದು. ಫಿಲ್ಟರ್ ಕಟ್ಟುತ್ತದೆ, ಎಂಜಿನ್ನಿನೊಳಗೆ ಬೇಕಾದ ಸಿಂಪಡಣೆಯೂ ಆಗುವುದಿಲ್ಲ. ಹಾಗಾಗಿ ನಾಲ್ಕೂ ಎಂಜಿನ್ನಿಗೆ ಒಂದೊಂದು ಡಿಗ್ರೇಡರ್ ಕೂರಿಸಿದರು. ಸರಪಳಿಗಳನ್ನು ಕಡಿದು, ಇಂಧನವನ್ನು ಮತ್ತೆ ಮಾಮೂಲಿಯಂತೆ ಮಾಡಿ ಎಂಜಿನ್ನಿಗೆ ಕೊಡುವುದು ಅದರ ಕೆಲಸ.

ತಯಾರಿ ಸಣ್ಣದಾಗಿರಲಿಲ್ಲ. ಸಿಬ್ಬಂದಿ ಒಳಗಿರುವಾಗಲೇ ದೂರನಿಯಂತ್ರಣದ ಅಭ್ಯಾಸ ಹಾರಾಟಗಳು ಹದಿನಾಲ್ಕು ನಡೆದವು. ನೆಲದ ಮೇಲಿನ ಕಾಕ್‌ಪಿಟ್‌ನಲ್ಲಿ ಕೂತು ನಾಸಾದ ಪೈಲಟ್ ಫಿಟ್ಜ್ ಫುಲ್ಟನ್ ವಿಮಾನ ನಡೆಸಿದರು. ಕೊನೆಯ ಹಾರಾಟದಲ್ಲಿ ಟ್ಯಾಂಕಿನಲ್ಲಿ ಸುಮಾರು 76,000 ಪೌಂಡ್ ಪರೀಕ್ಷಾ ಇಂಧನ. ಬೀಳುವ ಜಾಗದಲ್ಲಿ ರೆಕ್ಕೆ ಹರಿಯಲೆಂದೇ ಉಕ್ಕಿನ ಕಂಬಗಳ ಸಾಲು ನೆಟ್ಟಿದ್ದರು, ಅವಕ್ಕೆ ರೈನೋ ಎಂದು ಹೆಸರು. ಗೇರು ಮಡಚಿಕೊಂಡೇ 3.8 ಡಿಗ್ರಿ ಇಳಿಜಾರಿನಲ್ಲಿ ಬಂದು, ರೆಕ್ಕೆ ಸಮತಲವಾಗಿ, ನಡುಗೆರೆಯ ಮೇಲೆ ಹೊಟ್ಟೆಯನ್ನು ನೆಲಕ್ಕೆ ಇಡಬೇಕು. ಆಮೇಲೆ ಜಾರುತ್ತಾ ಹೋಗಿ ಕಂಬಗಳು ಎರಡೂ ರೆಕ್ಕೆಯ ಟ್ಯಾಂಕನ್ನು ಸೀಳಬೇಕು. ಒಡಲಿಗೆ ಮಾತ್ರ ಕಂಬ ತಾಗಬಾರದು.

ತಾಗಿತು. ನಿರ್ಧಾರದ ಎತ್ತರವಾದ 150 ಅಡಿಯ ಹೊತ್ತಿಗೆ ವಿಮಾನ ನಡುಗೆರೆಯಿಂದ ಕೊಂಚ ಬಲಕ್ಕಿತ್ತು. ವಾಪಸ್ ಏರಿಸಬಹುದಿತ್ತು, ಆದರೆ ಸರಿಮಾಡಿಕೊಳ್ಳಲು ಎತ್ತರ ಸಾಕು ಎಂದು ಕಂಡಿತು, ದಾಖಲೆ ಉಪಕರಣಗಳೂ ಚಾಲೂ ಆಗಿದ್ದವು. ಎಡಕ್ಕೆ ತಿದ್ದುವಾಗ ಎಡ ರೆಕ್ಕೆ ಕೆಳಗಾಯಿತು, ಎಡತುದಿಯ 1ನೇ ಎಂಜಿನ್ ಮೊದಲು ನೆಲಕ್ಕೆ ಬಡಿಯಿತು. ವಿಮಾನ ಎಡಕ್ಕೆ ಅಡ್ಡ ತಿರುಗಿ ಆ ಸ್ಥಿತಿಯಲ್ಲೇ ಕಂಬಗಳ ಕಡೆಗೆ ಜಾರಿತು. ಒಂದು ರೈನೋ ಬಲ ಒಳಬದಿಯ 3ನೇ ಎಂಜಿನ್ನನ್ನು ಸೀಳಿ, ಒಡಲನ್ನೂ ಕೊಯ್ದುಹಾಕಿತು. ಅಲ್ಲಿ ಎರಡು ಅನಾಹುತ ಒಟ್ಟಿಗೆ ಆದವು. ಎಂಜಿನ್ನಿನೊಳಗಿದ್ದದ್ದು ಡಿಗ್ರೇಡರ್ ದಾಟಿ ಬಂದ, ಮಂಜು ತಡೆಯುವ ಗುಣ ಕಳೆದುಕೊಂಡ ಇಂಧನ. ಅದಕ್ಕೆ ಸುಡು ಸುಡುವ ಎಂಜಿನ್ನಿನ ಒಡಲು ಸಿಕ್ಕಿತು. ಎಂಜಿನ್ನುಗಳ ವೇಗ ಇಳಿಸಿರದ ಕಾರಣ ಆ ಬಿಸಿ ಇನ್ನೂ ಜಾಸ್ತಿ. ಬೆಂಕಿಯ ಉಂಡೆ ಇಡೀ ವಿಮಾನವನ್ನು ನುಂಗಿತು, ಉರಿಯುವ ಇಂಧನ ಸೀಳಿನ ಮೂಲಕ ಕ್ಯಾಬಿನ್ನಿಗೆ ಹೋಯಿತು. ಪೂರ್ತಿ ಆರಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು.

ಪತ್ರಿಕೆಗಳ ಕಣ್ಣಿಗೆ ಈ ಪ್ರಯೋಗ ಸೋಲು. ಎಫ್‌ಎಂ-9 ಇಂಧನವನ್ನು ಕಡ್ಡಾಯ ಮಾಡುವ ಯೋಚನೆಯನ್ನು ಎಫ್‌ಎಎ ಕೈಬಿಟ್ಟಿತು. ಪಾಲಿಮರ್ ಪೂರ್ತಿ ನಿಷ್ಪ್ರಯೋಜಕ ಎಂದು ಈ ಒಂದು ಘಟನೆಯಿಂದ ಸಾಬೀತಾಗಲಿಲ್ಲ, ಪರೀಕ್ಷೆ ಯೋಜಿಸಿದ ಮಿತಿಯಿಂದ ಹೊರಗೆ ಹೋಗಿತ್ತು. ಆದರೆ ನಿಜವಾದ ಅಪಘಾತಗಳು ಯಾವ ಮಿತಿಯನ್ನೂ ಕೇಳಿ ನಡೆಯುವುದಿಲ್ಲ. ರೆಕ್ಕೆ ವಾಲಿಸಿಕೊಂಡು, ಅಡ್ಡ ತಿರುಗಿ, ಎಂಜಿನ್ ಮುರಿದುಕೊಂಡು ಬೀಳುವುದೇ ಅವುಗಳ ಸಹಜ ರೀತಿ. ಸಮತಲವಾಗಿ ಬಿದ್ದರೆ ಮಾತ್ರ ಕೆಲಸ ಮಾಡುವ ರಕ್ಷಣೆಯನ್ನು ಕಡ್ಡಾಯ ಮಾಡದಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕ್ಯಾಬಿನ್ನಿನೊಳಗಿನ ಕ್ಯಾಮೆರಾಗಳು ಕೊಟ್ಟದ್ದು ಇದಕ್ಕಿಂತ ದೊಡ್ಡದು. ವಿಮಾನ ಜಾರಿ ನಿಂತ ಮೇಲೆ ಮುಂಭಾಗದಲ್ಲಿ ಐದು ಸೆಕೆಂಡಿನಲ್ಲಿ ಹೊಗೆ ಕಣ್ಣು ಕಟ್ಟಿತು, ಹಿಂಭಾಗದಲ್ಲಿ ಇಪ್ಪತ್ತು ಸೆಕೆಂಡಿನಲ್ಲಿ. ಅಪ್ಪಳಿಕೆಯಿಂದಲ್ಲ, ಹೊಗೆಯಿಂದ ಸಾಯುವ ಸಾಲುಗಳು ಎಷ್ಟು ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಪ್ರಯಾಣಿಕರಲ್ಲಿ ಸುಮಾರು ನಾಲ್ಕರಲ್ಲೊಂದು ಭಾಗ ಮಾತ್ರ ಬದುಕಬಹುದಿತ್ತು ಎಂದು ಲೆಕ್ಕ ಹಾಕಿದರು. ಹೊಗೆಯಲ್ಲಿ ದಾರಿ ತೋರಿಸಬೇಕಾದ ನೆಲದ ತುರ್ತು ದೀಪಗಳಲ್ಲಿ ಅಂಟಿನಿಂದ ಹಚ್ಚಿದವು ಹೊಡೆತಕ್ಕೆ ಕಿತ್ತುಬಂದವು. ಆಮೇಲೆ ಅವನ್ನು ಸ್ಕ್ರೂ ಮುಂತಾದವುಗಳಿಂದ ಗಟ್ಟಿಯಾಗಿ ಕೂರಿಸಬೇಕು ಎಂದಾಯಿತು. ಸೀಟಿನ ಫೋಮನ್ನು ಬೆಂಕಿ ತಡೆಯುವ ಪದರದಿಂದ ಸುತ್ತುವ ನಿಯಮಕ್ಕೂ ಈ ಕಾಲದ ಬೆಂಕಿ ಅಧ್ಯಯನಗಳೇ ಆಧಾರ. ಆ ಪದರ ಬೆಂಕಿಯನ್ನು ನಿಲ್ಲಿಸುವುದಿಲ್ಲ, ಫೋಮ್ ಹತ್ತುವುದನ್ನು ಒಂದಿಷ್ಟು ಸೆಕೆಂಡು ತಡ ಮಾಡುತ್ತದೆ. ಬಾಗಿಲು ತಲುಪಲು ಬೇಕಾದದ್ದು ಆ ಸೆಕೆಂಡುಗಳೇ.

ಇನ್ನೊಂದು ಪಾಠದ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಾರಾಟದ ಅಂಕಿಅಂಶ ದಾಖಲಿಸುವ ಪೆಟ್ಟಿಗೆಯಾದ ಫ್ಲೈಟ್ ಡೇಟಾ ರೆಕಾರ್ಡರ್ ಅಪ್ಪಳಿಕೆಯ ಹೊಡೆತವನ್ನು ಅಳೆಯಲು ಸಾಲದು ಎಂಬುದು ಎಡ್ವರ್ಡ್ಸ್‌ನಲ್ಲಿ ಸ್ಪಷ್ಟವಾಯಿತು. ಇಂದಿನ ನಿಯಮದಲ್ಲೂ ಮೇಲೆಕೆಳಗಿನ ವೇಗೋತ್ಕರ್ಷವನ್ನು ಸೆಕೆಂಡಿಗೆ ಎಂಟು ಬಾರಿ ದಾಖಲಿಸಿದರೆ ಸಾಕು, ಅಡ್ಡ ಮತ್ತು ಉದ್ದದ್ದನ್ನು ನಾಲ್ಕು ಬಾರಿ. ಹೊಡೆತದ ಉತ್ತುಂಗ ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಎರಡು ಭಾಗದಲ್ಲಿ. ಅಷ್ಟರಲ್ಲಿ ರೆಕಾರ್ಡರಿಗೆ ಒಂದೋ ಎರಡೋ ಬಿಂದು ಸಿಗುತ್ತದೆ, ಗರಿಷ್ಠ ಎಷ್ಟಿತ್ತೆಂದು ಅದರಿಂದ ಹೇಳಲಾಗದು. ಪರೀಕ್ಷೆಯಲ್ಲಿ ಸೀಟಿಗೂ ನೆಲಕ್ಕೂ ಅಂಟಿಸುವ ಸಂವೇದಕಗಳು ಸೆಕೆಂಡಿಗೆ ಸಾವಿರಾರು ಬಾರಿ ಅಳೆಯುತ್ತವೆ. ಬೇಕೆಂದೇ ಬೀಳಿಸಿದ ವಿಮಾನಗಳಿಂದ ಮಾತ್ರ ಸಿಗುವ ಮಾಹಿತಿ ಇದು.

ಸೀಟುಗಳ ನಿಯಮವನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಮೊದಲು ಸೀಟನ್ನು 9 ಜಿ ಬಲದಿಂದ ನಿಧಾನಕ್ಕೆ ಎಳೆದು ನೋಡುತ್ತಿದ್ದರು. 1988ರ ಎಫ್‌ಎಎ ನಿಯಮ ಡಮ್ಮಿ ಕೂರಿಸಿ ನಿಜವಾದ ಹೊಡೆತ ಕೊಡಬೇಕು ಎಂದಿತು: ಮುಂದಕ್ಕೆ 16 ಜಿ, ಕೆಳಮುಖವಾಗಿ 14 ಜಿ. ಮುಂದಿನ ಹೊಡೆತದ ಪರೀಕ್ಷೆಗೆ ಮೊದಲು ಸೀಟಿನ ಹಳಿಗಳಲ್ಲಿ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹತ್ತು ಡಿಗ್ರಿ ಓರೆ ಮಾಡಬೇಕು, ಯಾಕೆಂದರೆ ಅಪಘಾತದಲ್ಲಿ ನೆಲ ಸಪಾಟಾಗಿ ಉಳಿಯುವುದಿಲ್ಲ. ನೆಲ ತಿರುಚಿದಾಗ ಗಟ್ಟಿ ಸೀಟೂ ಹಳಿಯಿಂದ ಕಳಚಿ ಮುಂದಿನವರ ಮೇಲೆ ಹೋಗುತ್ತದೆ. ಹಳೆಯ ವಿನ್ಯಾಸದ ವಿಮಾನಗಳಿಗೆ ವಿನಾಯಿತಿ ಇತ್ತು. ಕೊನೆಗೆ 2009ರ ಅಕ್ಟೋಬರ್ 27ರಿಂದ ಹೊಸದಾಗಿ ತಯಾರಾಗುವ ಪ್ರಯಾಣಿಕರ ದೊಡ್ಡ ವಿಮಾನಗಳಿಗೆಲ್ಲ ಇದು ಅನ್ವಯವಾಯಿತು.

ಈಗ ಇಡೀ ವಿಮಾನವನ್ನು ಹಾರಿಸಿ ಬೀಳಿಸುವುದು ಅಪರೂಪ. ವರ್ಜೀನಿಯಾದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ 240 ಅಡಿ ಎತ್ತರದ ಗ್ಯಾಂಟ್ರಿ ಎಂಬ ಉಕ್ಕಿನ ಚೌಕಟ್ಟು ಇದೆ, ಚಂದ್ರನ ಮೇಲೆ ಇಳಿಯುವ ಅಭ್ಯಾಸಕ್ಕೆಂದು ಕಟ್ಟಿದ್ದು. ಅದರಿಂದ ಕೇಬಲ್‌ನಲ್ಲಿ ತೂಗಿ, ಉಯ್ಯಾಲೆಯಂತೆ ಬೀಸಿ, ನೆಲ ಮುಟ್ಟುವ ಮುನ್ನ ಸಣ್ಣ ಸ್ಫೋಟಕದಿಂದ ಕೇಬಲ್ ಕತ್ತರಿಸುತ್ತಾರೆ. ಎಷ್ಟು ಎತ್ತರದಿಂದ ಬೀಸಿದರೆ ಮುಂದಿನ ವೇಗ ಎಷ್ಟು, ಇಳಿವೇಗ ಎಷ್ಟು, ಮೂಗು ಎಷ್ಟು ಡಿಗ್ರಿ ಎಂಬುದೆಲ್ಲ ಮೊದಲೇ ಗೊತ್ತು, ಗಾಳಿಯ ಹಂಗಿಲ್ಲ, ಪೈಲಟ್ಟಿನ ತಡವಿಲ್ಲ. 2019ರ ಜೂನ್‌ನಲ್ಲಿ ಫೋಕರ್ ಎಫ್28 ಒಡಲನ್ನು ಡಮ್ಮಿ ತುಂಬಿ ಹೀಗೆ ಮಣ್ಣಿಗೆ ಬೀಳಿಸಿದರು. 2013ರಲ್ಲಿ ಬೀಳಿಸಿದ ಸಿಎಚ್-46 ಹೆಲಿಕಾಪ್ಟರಿನ ಮೈಗೆ ಬಿಳಿ ಬಣ್ಣ ಬಳಿದು ಕರಿಚುಕ್ಕೆ ಹಾಕಿದ್ದರು. ಪ್ರತಿ ಚುಕ್ಕೆಯೂ ಒಂದು ಅಳತೆಯ ಬಿಂದು. ಹೈ-ಸ್ಪೀಡ್ ಕ್ಯಾಮೆರಾದ ಪ್ರತಿ ಫ್ರೇಮಿನಲ್ಲೂ ಚುಕ್ಕೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಕಂಪ್ಯೂಟರ್ ಹಿಂಬಾಲಿಸಿ, ತಗಡು ಎಲ್ಲಿ ಉಬ್ಬಿತು, ಎಲ್ಲಿ ಕುಗ್ಗಿತು ಎಂಬ ನಕ್ಷೆ ಕೊಡುತ್ತದೆ. ಆ ನಕ್ಷೆಯನ್ನು ಕಂಪ್ಯೂಟರ್ ಮಾದರಿಯ ಊಹೆಯ ಪಕ್ಕದಲ್ಲಿಟ್ಟು ಮಾದರಿಯನ್ನು ತಿದ್ದುತ್ತಾರೆ. ತಿದ್ದಿದ ಮಾದರಿಯಲ್ಲಿ ಮೂಗು ಮುಂದಾಗಿ, ಬಾಲ ಮುಂದಾಗಿ, ಅಡ್ಡವಾಗಿ, ಮರಳಿನ ಮೇಲೆ, ನೀರಿನ ಮೇಲೆ ಎಷ್ಟು ಬಾರಿ ಬೇಕಾದರೂ ಬೀಳಿಸಬಹುದು. ಮೆಕ್ಸಿಕಾಲಿಯ ಒಂದೇ ಅಪ್ಪಳಿಕೆ ಕೊಡಲಾಗದ ಉತ್ತರಗಳನ್ನು ಈಗ ಹುಡುಕುತ್ತಿರುವುದು ಅಲ್ಲಿ.